ನನ್ನ ಕೈಯಲ್ಲಿ ಮಾತ್ರ ಕೆಡುತ್ತಿದ್ದ ಗಾಡಿ

ಕೆಲವು ಕಾಯಿಲೆಗಳಿಗೆ ಬಲು ಕೆಟ್ಟ ಬುದ್ಧಿ. ಮನೆಯಲ್ಲಿ ಪ್ರಾಣ ಹಿಂಡುತ್ತಿದ್ದ ಹಲ್ಲುನೋವು ಡಾಕ್ಟರ ಕುರ್ಚಿಯಲ್ಲಿ ಕೂತೊಡನೆ ಮಾಯವಾಗುತ್ತದೆ. 'ಎಲ್ಲಿ ನೋವು?' ಎಂದು ಅವರು ಕೇಳಿದರೆ ನಾವು ನಾಲಗೆಯಿಂದ ಒಂದೊಂದೇ ಹಲ್ಲನ್ನು ತಡಕುತ್ತ ಪಿಳಿಪಿಳಿ ಕಣ್ಣು ಬಿಡಬೇಕು. ಹಲ್ಲಾದರೆ ಹೋಗಲಿ, ನಮ್ಮ ಬಾಯೊಳಗಿನ ಸಮಾಚಾರ. ಊರೆಲ್ಲ ಓಡಾಡುವ ಗಾಡಿಗೇ ಈ ಬುದ್ಧಿ ಬಂದರೆ ಮನುಷ್ಯನ ಮಾನ ಹೇಗೆ ಹರಾಜಾಗುತ್ತದೆ ಎಂಬುದನ್ನು ನಾನು ಹೋದ ಬೇಸಿಗೆಯಲ್ಲಿ ಪೂರ್ತಿಯಾಗಿ ಅನುಭವಿಸಿದೆ.

ಬೇಗೂರಿನ ಹೊರಗೆ ನಮ್ಮದೊಂದು ಸಸಿ ನರ್ಸರಿ ಇದೆ. ಟೊಮೆಟೊ, ಮೆಣಸಿನಕಾಯಿ, ಚೆಂಡುಹೂವಿನ ಸಸಿಗಳನ್ನು ಬೆಳೆಸಿ ರೈತರ ಹೊಲಕ್ಕೇ ಮುಟ್ಟಿಸುವುದು ನನ್ನ ಮತ್ತು ಹೆಂಡತಿ ಮಂಜುಳಳ ಕಸುಬು. ಅದಕ್ಕೊಂದು ಪಿಕಪ್ ಗಾಡಿ, ಇಬ್ಬರೂ ಓಡಿಸುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು ಕೀ. ಗುಂಡ್ಲುಪೇಟೆ, ಹಂಗಳದ ಕಡೆಯ ಸಸಿಗಳನ್ನು ಅವಳು ಬಿಸಿಲೇರುವ ಮೊದಲೇ ಇಳಿಸಿ ಬಂದುಬಿಡುತ್ತಾಳೆ. ನಾನು ತಿಂಡಿ ತಿಂದು, ಪೇಪರು ಓದಿ, ಅದರಲ್ಲಿನ ಸುದ್ದಿಗೆ ಸ್ವಲ್ಪ ಬೇಸರಪಟ್ಟುಕೊಂಡು, ಆಮೇಲೆ ಚಾಮರಾಜನಗರದ ಕಡೆಗೆ ಹೊರಡುವವನು. ಅವಳ ಕೈಯಲ್ಲಿ ಈ ಗಾಡಿ ಒಂದು ದಿನವೂ ನಿಂತದ್ದಿಲ್ಲ. ನಾನು ಕೂತರೆ ಮಾತ್ರ ನಡುರಸ್ತೆಯಲ್ಲಿ ಒಮ್ಮೆಗೇ ಉಸಿರು ನಿಲ್ಲಿಸುತ್ತಿತ್ತು. ಕೆಮ್ಮಿಲ್ಲ, ಹೊಗೆಯಿಲ್ಲ, ಸೂಚನೆಯಿಲ್ಲ. ಯಾವಾಗಲೋ ಮನಸ್ಸು ಬಂದಾಗ ಏನೂ ಆಗಿಲ್ಲವೆಂಬಂತೆ ತಾನೇ ಶುರುವಾಗುತ್ತಿತ್ತು. ನಮ್ಮಪ್ಪನ ಹಳೆಯ ಜೀಪು ಹೀಗಿರಲಿಲ್ಲ. ಅದು ಕೆಟ್ಟರೆ ಎಣ್ಣೆ ಸುರಿಸಿಯೋ, ಬೆಲ್ಟು ಕಿರುಚಿಸಿಯೋ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿತ್ತು. ಬಾನೆಟ್ ಎತ್ತಿ ಇಣುಕಿದರೆ ಅದು ಯಾಕೆ ಮುನಿಸಿಕೊಂಡಿದೆ ಎಂದು ತಿಳಿಯುತ್ತಿತ್ತು. ಈಗಿನ ಗಾಡಿಗಳ ಬಾನೆಟ್ ಎತ್ತಿದರೆ ಕಾಣುವುದು ಮುಚ್ಚಳಗಳು ಮಾತ್ರ.

"ಕ್ಲಚ್ ಮೇಲೇ ಕಾಲಿಟ್ಕೊಂಡು ಓಡುಸ್ತೀರ. ಗಾಡಿ ಪಾಪ ಏನ್ ಮಾಡ್ತದೆ?" ಎಂದಳು ಮಂಜುಳ. ಕ್ಲಚ್ಚಿಗೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ವಿವರಿಸಿದೆ. ಹಾಗಾದರೆ ಯಾವುದಕ್ಕೆ ಸಂಬಂಧ ಎಂದು ಅವಳು ಕೇಳಿದಳು. ನಾನು ಪೇಪರಿನ ಪುಟ ತಿರುಗಿಸಿದೆ.

ನಮ್ಮ ಗಾಡಿ ನೋಡುವವನು ಚಾಮರಾಜನಗರದ ರಹಮತ್. ಒಳ್ಳೆಯ ಕೆಲಸಗಾರ, ಆದರೆ ತನಗೆ ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. ಮೊದಲು ಡೀಸೆಲ್ ಫಿಲ್ಟರ್ ಎಂದ, ಬದಲಾಯಿಸಿದ. ಆಮೇಲೆ ರಿಲೇ ಎಂದ, ಅದನ್ನೂ ಬದಲಾಯಿಸಿದ. ಬ್ಯಾಟರಿಯ ಮೇಲೂ ಅನುಮಾನಪಟ್ಟ. ಗಾಡಿ ಅವನ ಗ್ಯಾರೇಜಿನ ನೆರಳಲ್ಲಿ ನಿಂತು, ಒಳ್ಳೆಯ ಮನೆತನದ ಹುಡುಗಿಯ ಹಾಗೆ ಹೇಳಿದಂತೆ ಕೇಳುತ್ತಿತ್ತು. ಕೊನೆಗೆ ಕೈ ಒರೆಸಿಕೊಳ್ಳುತ್ತ, "ಗಾಡಿ ಫಸ್ಟ್ ಕ್ಲಾಸಾಗಿ ಅದೆ ಅಣ್ಣ. ಬೇಜಾರ್ ಮಾಡ್ಕಬೇಡಿ, ಸ್ವಲ್ಪ ದಿನ ಅಕ್ಕನ ಕೈಲೇ ಓಡುಸ್ಬುಡಿ," ಎಂದ. ಅಂದರೆ ಗಾಡಿಯಲ್ಲಿ ಬದಲಾಯಿಸಲು ಇನ್ನು ಉಳಿದಿದ್ದವನು ನಾನು ಮಾತ್ರ.

ಇಷ್ಟರ ಮೇಲೆ ಪುಣಜನೂರಿನ ಪ್ರಸಂಗ ನಡೆಯಿತು. ಅಲ್ಲಿ ಮಾದಪ್ಪ ಎಂಬ ರೈತ ಟೊಮೆಟೊ ಸಸಿ ಕೇಳಿದ್ದ. ಸಸಿ ತುಂಬಿಕೊಂಡು ಹೊರಟವನು ಊರು ಇನ್ನೇನು ಬಂತು ಎನ್ನುವಾಗ, ಕಾಡಿನ ಅಂಚಿನಲ್ಲಿ, ಸುಡುವ ಮಧ್ಯಾಹ್ನದಲ್ಲಿ ನಿಂತುಬಿಟ್ಟೆ. ಕೆಟ್ಟು ನಿಂತ ಗಾಡಿಗೆ ಸಲಹೆಗಾರರ ಬರ ಎಂದೂ ಇರುವುದಿಲ್ಲ. ಕಬ್ಬಿನ ಲಾರಿಯ ತಮಿಳು ಡ್ರೈವರೊಬ್ಬ ಇಳಿದು ಬಂದು "ಬ್ಯಾಟರಿ ಪೋಚ್ಚು ಅಣ್ಣಾ" ಎಂದು, ಬ್ಯಾಟರಿ ಹೋಗಿದೆಯೆಂಬ ತೀರ್ಪು ಕೊಟ್ಟು ಹೋದ. ಬೈಕಿನವನೊಬ್ಬ ಗಾಡಿಯನ್ನು ಸುತ್ತು ಹಾಕಿ ಟೈರಿಗೆ ಒದ್ದ. ಅತ್ತ ಮಾದಪ್ಪ ಫೋನಿನಲ್ಲಿ, "ಆಳ್ಗಳು ಬಂದು ಕುಂತವ್ರೆ ಕಣಣ್ಣ. ಹೊಲಕ್ಕೆ ನೀರೂ ಬುಟ್ಟಾಯ್ತು. ಎಲ್ಲಿದ್ದೀಯ?" ಎಂದು ಕೂಗುತ್ತಿದ್ದ. ಅಷ್ಟರಲ್ಲಿ ಅರಣ್ಯ ಇಲಾಖೆಯ ವಾಚರ್ ಬಂದು, "ಇಲ್ಲಿ ನಿಲ್ಲಂಗಿಲ್ಲ, ಆನೆ ದಾಟೊ ಜಾಗ. ಓಯ್ತಾ ಇರಿ," ಎಂದ. ಹೋಗುವುದು ಸಾಧ್ಯವಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ನನ್ನ ಮುಖ ನೋಡಿ ಅವನಿಗೆ ಅಯ್ಯೋ ಅನ್ನಿಸಿರಬೇಕು, ತನ್ನ ಕ್ಯಾನಿನಲ್ಲಿದ್ದ ನೀರನ್ನೇ ತಂದುಕೊಟ್ಟ. ಇಬ್ಬರೂ ಸೇರಿ ಬಾಡುತ್ತಿದ್ದ ಸಸಿಗಳಿಗೆ ಚಿಮುಕಿಸಿದೆವು. ತಿಂಗಳಿಡೀ ಸಾಕಿದ ಮಕ್ಕಳಂಥ ಸಸಿಗಳು ತಲೆ ಬಗ್ಗಿಸುವುದನ್ನು ನೋಡುತ್ತ ನಿಂತಾಗ, ಆನೆಯ ಭಯಕ್ಕಿಂತ ಅದೇ ಹೆಚ್ಚು ಸಂಕಟವಾಯಿತು.

ರಹಮತನಿಗೆ ಫೋನ್ ಮಾಡಿದರೆ ಕೈಯಲ್ಲಿರುವ ಕೆಲಸ ಮುಗಿಸಿ ಬರುತ್ತೇನೆಂದ. ಮಂಜುಳ ಅವತ್ತು ಚಾಮರಾಜನಗರದಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದಳು. ಸುದ್ದಿ ಕೇಳಿ ಸತ್ಯಮಂಗಲದ ಬಸ್ಸು ಹತ್ತಿ ಅವನಿಗಿಂತ ಮೊದಲೇ ಬಂದಿಳಿದಳು. ಆಗ ಬಿಸಿಲು ತಗ್ಗಿತ್ತು. ನೇರವಾಗಿ ಗಾಡಿ ಹತ್ತಿ ಕೂತಳು, ಕೀ ತಿರುಗಿಸಿದಳು. ಮೊದಲ ಸಲಕ್ಕೇ ಶುರುವಾಯಿತು. ವಾಚರ್ ಅವಳನ್ನು ನೋಡಿದ, ನನ್ನನ್ನು ನೋಡಿದ. "ಒಳ್ಳೇದಾಯ್ತು ಬುಡಿ, ಅಮ್ಮಾರು ಬಂದ್ರು," ಎಂದ. ಹೊಲದಲ್ಲಿ ಸಸಿ ಇಳಿಸಿಕೊಳ್ಳುತ್ತ ಮಾದಪ್ಪನಂತೂ "ಸಂಜೆ ತಂಪಲ್ಲಿ ನಾಟಿ ಮಾಡುದ್ರೇ ಸಸಿ ಚೆನ್ನಾಗಿ ಹಿಡೀತದೆ ಕಣಮ್ಮ" ಎಂದು ತಡವಾದ ಪುಣ್ಯವನ್ನೂ ಅವಳ ಲೆಕ್ಕಕ್ಕೇ ಬರೆದ. ವಾಪಸು ಬರುವಾಗ ಎದುರಿಗೆ ಸ್ಕೂಟರಿನಲ್ಲಿ ಬರುತ್ತಿದ್ದ ರಹಮತ್, ಓಡಿಸುತ್ತಿದ್ದ ಮಂಜುಳಳನ್ನು ಕಂಡು ಅಲ್ಲಿಂದಲೇ ಸ್ಕೂಟರ್ ತಿರುಗಿಸಿಕೊಂಡ. ಆ ತಿರುವು ನನಗೆ ಇವತ್ತಿಗೂ ಚುಚ್ಚುತ್ತದೆ.

ಮರುದಿನ ಬೆಳಗ್ಗೆಯೇ ಮಂಜುಳ ಓಡಿಸಿಕೊಂಡು, ನಾನು ಪಕ್ಕದಲ್ಲಿ ಕೂತು, ಗಾಡಿಯನ್ನು ಅವನ ಗ್ಯಾರೇಜಿಗೆ ಒಯ್ದೆವು. ಅವಳು ತನ್ನ ಕೀಯನ್ನು ಅವನ ಕೈಗಿಟ್ಟು ಅಕ್ಕನ ಮನೆಗೆ ಹೋದಳು. ಮಧ್ಯಾಹ್ನ ರಹಮತ್, "ಬನ್ನಿ, ಒಂದು ರೌಂಡ್ ಹೋಗಿ ಬರನ," ಎಂದು ನನ್ನನ್ನು ಕೂರಿಸಿಕೊಂಡು ಪೇಟೆಯೊಳಗೆ ಹೊರಟ. ಜನ ಕಿಕ್ಕಿರಿದ ತಿರುವಿನಲ್ಲಿ, ಬಸ್ಸಿನ ಮೂತಿಗೆ ಅಡ್ಡಲಾಗಿ, ಗಾಡಿ ತಣ್ಣಗೆ ನಿಂತಿತು. ಬಸ್ಸಿನವನು ಹಾರನ್ ಒತ್ತಿ ಹಿಡಿದ. ಕಂಡಕ್ಟರ್ ತಲೆ ಹೊರಗೆ ಹಾಕಿ, "ಓಡ್ಸಕ್ ಬರಾಕಿಲ್ವೇನ್ಲಾ?" ಎಂದು ಕೂಗಿದ. ರಹಮತ್ ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ, "ಅಲ್ಲಾನಾಣೆ, ನಾನೇನೂ ಮಾಡ್ಲಿಲ್ಲಣ್ಣ!" ಎಂದ.

"ನಾನೂ ಇದನ್ನೇ ಹೇಳ್ತಿದ್ದೆ ಕಣಪ್ಪ," ಎಂದೆ. ನನ್ನ ಸ್ವಂತ ಗಾಡಿ ಕೆಟ್ಟು ನಿಂತದ್ದಕ್ಕೆ ನಾನು ಸಂತೋಷಪಟ್ಟದ್ದು ಅದೇ ಮೊದಲು. ಇಳಿದು ಗಾಡಿ ತಳ್ಳುವಾಗ ನನ್ನ ಮೈಯಲ್ಲಿ ಎಲ್ಲಿಲ್ಲದ ಶಕ್ತಿ ಬಂದಿತ್ತು.

ಪೇಟೆಯ ನಡುವೆ ಮಾನ ಹೋದಮೇಲೆ ರಹಮತ್ ನಿಜವಾಗಿ ಯೋಚಿಸತೊಡಗಿದ. ಇಂಜಿನ್ನಿಗೆ ಯಾವಾಗ ಎಷ್ಟು ಡೀಸೆಲ್ ಕೊಡಬೇಕೆಂದು ಲೆಕ್ಕ ಹಾಕುವ ಒಂದು ಕಂಪ್ಯೂಟರ್ ಪೆಟ್ಟಿಗೆ ಈಗಿನ ಗಾಡಿಗಳಲ್ಲಿರುತ್ತದೆ, ಇಸಿಎಂ ಎನ್ನುತ್ತಾರೆ. ಅದರೊಳಗಿನ ಯಾವುದೋ ಬೆಸುಗೆ ಬಿಟ್ಟು, ಕಾದಾಗ ಸಂಪರ್ಕ ತಪ್ಪುತ್ತಿರಬೇಕು ಎಂದ. ಗಾಡಿ ತಣ್ಣಗಾಗಿ ಶುರುವಾದಮೇಲೆ ಎದುರಿನ ಕಟಿಂಗ್ ಶಾಪಿನಿಂದ ಕೂದಲು ಒಣಗಿಸುವ ಯಂತ್ರ ತಂದು, ಆ ಪೆಟ್ಟಿಗೆಗೆ ಬಿಸಿಗಾಳಿ ಹಿಡಿದ. ಸ್ವಲ್ಪ ಹೊತ್ತಿಗೆಲ್ಲ ಇಂಜಿನ್ ನಿಂತಿತು. ತಂಪಿನಲ್ಲಿ ಓಡಿಸುವ ಮಂಜುಳ ಉತ್ತಮ ಚಾಲಕಿಯಾಗಿಯೂ, ಬಿಸಿಲಲ್ಲಿ ಹೊರಡುವ ನಾನು ಅಯೋಗ್ಯನಾಗಿಯೂ ಕಂಡದ್ದರ ಗುಟ್ಟು ಇಷ್ಟೇ. ನಾನು ಬಲವಂತ ಮಾಡಿ ಅದನ್ನೇ ಇನ್ನೊಮ್ಮೆ ಮಾಡಿಸಿ, ವಿಡಿಯೋ ತೆಗೆದು ಮಂಜುಳಳಿಗೆ ಕಳಿಸಿದೆ. 'ಸರಿ. ಬರ್ತಾ ಬೆಳ್ಳುಳ್ಳಿ ತನ್ನಿ' ಎಂದು ಉತ್ತರ ಬಂತು.

ಹೊಸ ಪೆಟ್ಟಿಗೆ ಬರುವವರೆಗೆ ಗಾಡಿಯೂ ಮಂಜುಳಳ ಕೀಯೂ ಗ್ಯಾರೇಜಿನಲ್ಲೇ ಇದ್ದವು. ಅದು ಮೈಸೂರಿನಿಂದ ಬಂದ ದಿನ ರಹಮತ್ ಫೋನ್ ಮಾಡಿ ನನ್ನ ಕೀಯನ್ನೂ ತರಲು ಹೇಳಿದನಂತೆ. ಗೆದ್ದ ಸಂಭ್ರಮದಲ್ಲಿ ನನ್ನ ಕಿವಿಗೆ 'ಬನ್ನಿ' ಎಂಬುದಷ್ಟೇ ಬಿದ್ದಿತ್ತು. ಪೆಟ್ಟಿಗೆ ಕೂರಿಸಿ, ಲ್ಯಾಪ್‌ಟಾಪ್ ಸಿಕ್ಕಿಸಿ, "ಹೊಸದಕ್ಕೆ ಕೀ ಪರಿಚಯ ಮಾಡುಸ್ಬೇಕು. ಅಕ್ಕಂದು ಇಲ್ಲೇ ಅದೆ, ನಿಮ್ದೆಲ್ಲಿ?" ಎಂದ.

"ಮನೇಲದೆ."

"ಹಂಗಾದ್ರೆ ನಾಳೆ ಮಾಡನ?"

ನಾಳೆ! ನಡು ಮಧ್ಯಾಹ್ನದ ಬಿಸಿಲಲ್ಲಿ ನಾನೇ ಓಡಿಸಿಕೊಂಡು ಮನೆ ಮುಂದೆ ಇಳಿಯಬೇಕೆಂದು ಬಂದವನು ನಾನು. "ಇರೋದ್ರಲ್ಲೇ ಶುರು ಮಾಡಪ್ಪ," ಎಂದೆ. ಗುಂಡ್ಲುಪೇಟೆ ದಾಟಿ ಬೇಗೂರಿನವರೆಗೆ ಎಲ್ಲೂ ನಿಲ್ಲದೆ ಬಂದು, ಹಾರನ್ ಹೊಡೆದು, ಮಂಜುಳಳನ್ನು ಹೊರಗೆ ಕರೆದು, ಕೀಯನ್ನು ಅವಳ ಕೈಗೆ ಗತ್ತಿನಿಂದ ಕೊಟ್ಟೆ.

ಅಂದಿನಿಂದ ನನ್ನ ಕೀ ಬಾಗಿಲು ತೆರೆಯುತ್ತದೆ, ಒಳಗೆ ಕೂರಿಸುತ್ತದೆ, ಇಂಜಿನ್ ಮಾತ್ರ ಶುರುಮಾಡುವುದಿಲ್ಲ. ಹೊಸ ಪೆಟ್ಟಿಗೆಗೆ ಈ ಮನೆಯಲ್ಲಿ ಗೊತ್ತಿರುವುದು ಒಬ್ಬಳೇ. ಮಧ್ಯಾಹ್ನದ ಸಸಿಗಳನ್ನೂ ಈಗ ಬೆಳಗ್ಗೆಯೇ ಅವಳು ಮುಟ್ಟಿಸುತ್ತಾಳೆ. ನಾನು ಪೇಪರನ್ನು ಕೊನೆಯ ಪುಟದವರೆಗೂ ಓದುತ್ತೇನೆ. ಅರ್ಧ ಗಂಟೆಯ ಕೆಲಸ, ಬನ್ನಿ ಎಂದು ರಹಮತ್ ಆಗಾಗ ಫೋನ್ ಮಾಡುತ್ತಿರುತ್ತಾನೆ. ಮಂಜುಳ ಕೇಳಿದರೆ, ಅವನಿಗೆ ಪುರುಸೊತ್ತೇ ಇಲ್ಲವಂತೆ ಎನ್ನುತ್ತೇನೆ.