ರೂಪಾಲಿ ಕೇಳಿದ ಖಾರ್

ಕೊಟ್ಟಿಗೆಹಾರದಲ್ಲಿ ನಮ್ಮದು ಅಪ್ಪನ ಕಾಲದ ದಿನಸಿ ಅಂಗಡಿ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರಿಗೆ ಏನು ಬೇಕೆಂದು ತಿಳಿದು ತಕ್ಕಡಿ ಹಿಡಿಯುವವ ನಾನು. ಹಾಗಾಗಿ ಸುತ್ತಲಿನ ಎಸ್ಟೇಟುಗಳ ಕೂಲಿಯವರ ಲೈನ್ ಮನೆಗಳಿಗೆ ಅಸ್ಸಾಮಿನವರು ಕೆಲಸಕ್ಕೆ ಬಂದು ಸೇರಿದಾಗ ನನಗೇನೂ ಅಳುಕಾಗಲಿಲ್ಲ.

"ಎಲ್ಲಿಯವರಾದರೇನು, ಹೊಟ್ಟೆ ಒಂದೇ ಅಲ್ವಾ?" ಎಂದು ಹೆಂಡತಿ ಗಿರಿಜೆಗೆ ಗಂಭೀರವಾಗಿ ಹೇಳಿದೆ.

ಆ ಹೊಟ್ಟೆಯೇ ನನ್ನ ಮಾನ ಕಳೆಯಿತು!

ಒಂದು ಭಾನುವಾರ ರೂಪಾಲಿ ಬಂದಳು. ಗಂಡ ಬೀರೇನ್ ಜೊತೆ ಕಾಫಿ ತೋಟಕ್ಕೆ ಬಂದು ಎರಡು ವರ್ಷವಾಗಿತ್ತು. ತಕ್ಕಮಟ್ಟಿಗೆ ಕನ್ನಡ ಕಲಿತಿದ್ದಳು.

"ಅಣ್ಣಾ, ಖಾರ್ ಇದ್ಯಾ? ಗಂಡನಿಗೆ ಹೊಟ್ಟೆ ಸರಿ ಇಲ್ಲ. ನಾಲ್ಕು ದಿನ ಆಯ್ತು, ಏನೂ ತಿಂತಿಲ್ಲ. ಖಾರ್ ಹಾಕಿ ಮಾಡಿದ್ರೆ ತಿಂತಾರೆ."

ಖಾರ ಇಲ್ಲದ ದಿನಸಿ ಅಂಗಡಿ ಉಂಟೇ? ಬ್ಯಾಡಗಿ ಪುಡಿ ಕೊಟ್ಟೆ. ಮೂಸಿ, "ಇದಲ್ಲ ಅಣ್ಣಾ" ಅಂದಳು. ಹೌದು, ಬ್ಯಾಡಗಿಯಲ್ಲಿ ಬಣ್ಣವೇ ಹೆಚ್ಚು. ಹೆಂಗಸು ತಿಳಿದವಳು! ಗುಂಟೂರು ಪುಡಿ ತೆಗೆದೆ. ಅದೂ ಅಲ್ಲವಂತೆ.

ಒಳಗಿನಿಂದ ಗಿರಿಜೆ ಕೂಗಿದಳು: "ಹೊಟ್ಟೆ ಕೆಟ್ಟವರಿಗೆ ಖಾರ ಯಾಕೆ ಕೊಡ್ತೀರಿ? ಅವಳು ಏನು ಕೇಳ್ತಿದಾಳೆ ಅಂತ ಸರಿಯಾಗಿ ಕೇಳಿ!"

"ವ್ಯಾಪಾರದ ವಿಷಯ. ನಿನಗೆ ಗೊತ್ತಾಗಲ್ಲ."

ಕೊನೆಗೆ ನಮ್ಮ ಹಿತ್ತಲಿನ ಜೀರಿಗೆ ಮೆಣಸಿನ ಪುಡಿ ತಂದೆ. ನಾವು ಚಿಟಿಕೆ ಹಾಕಿದರೂ ಕಣ್ಣಲ್ಲಿ ನೀರು ಬರುವಂಥದು. ರೂಪಾಲಿ ಅನುಮಾನದಿಂದ ನೋಡಿದಳು. "ನಮ್ಮ ಕಡೆ ಇದೇ ಮದ್ದು. ಗಂಜಿಗೆ ಒಂದು ಚಮಚ ಹಾಕು, ಎದ್ದು ಓಡಾಡ್ತಾನೆ!" ಎಂದೆ. ಅಂಗಡಿಯವರ ಮಾತು ಎಂದು ನಂಬಿ ತೆಗೆದುಕೊಂಡು ಹೋದಳು.

ಬೀರೇನ್ ಎದ್ದು ಓಡಾಡಿದ್ದು ನಿಜ. ಹೊಟ್ಟೆ ಹಿಡಿದುಕೊಂಡು!

ಮರುದಿನ ಬೆಳಿಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಫೋನ್ ಮಾಡಿದರು. "ಎಂಥದ್ದು ಕೊಟ್ರಿ ಮಾರಾಯ್ರೆ? ಆಳು ನೆಲದಲ್ಲಿ ಹೊರಳಾಡ್ತಾ ಇದಾನೆ." ಅಂಗಡಿಗೆ ಬೀಗ ಹಾಕಿ ಓಡಿದೆ. ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆ ತಲುಪುವವರೆಗೂ ಬೀರೇನ್ ಹೆಂಡತಿಯ ತೊಡೆಯ ಮೇಲೆ ಮುದುಡಿ ಮಲಗಿದ್ದ. ರೂಪಾಲಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಡಾಕ್ಟರು ಪರೀಕ್ಷೆ ಮಾಡಿ ತಲೆ ಎತ್ತಿದರು. "ಹೊಟ್ಟೆಯಲ್ಲಿ ಹುಣ್ಣು. ಇಂಥವನಿಗೆ ಜೀರಿಗೆ ಮೆಣಸು ತಿನ್ನಿಸಿದ ಪುಣ್ಯಾತ್ಮ ಯಾರು?"

ನಾನು ಗೋಡೆ ನೋಡಿದೆ. ರೂಪಾಲಿ ನನ್ನನ್ನು ನೋಡಿದಳು.

"ನಾನೇ ಡಾಕ್ಟರೇ. ಗೊತ್ತಾಗಲಿಲ್ಲ," ಅಂದಳು.

ಅಲ್ಲಿಯೇ ಭೂಮಿ ಬಾಯಿ ಬಿಟ್ಟಿದ್ದರೆ ಮೊದಲು ಇಳಿಯುವವನು ನಾನೇ ಆಗಿರುತ್ತಿದ್ದೆ. "ಕೊಟ್ಟದ್ದು ನಾನು ಸಾರ್" ಎಂದು ಹೇಗೋ ಬಾಯಿಬಿಟ್ಟೆ. ಡಾಕ್ಟರು ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಮೂರು ದಿನ ಅವನು ವಾರ್ಡಿನಲ್ಲಿದ್ದ. ನಾನು ದಿನಾ ಎಳನೀರು ಹಿಡಿದು ಹೋಗುತ್ತಿದ್ದೆ. ಎರಡನೇ ದಿನ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: "ಅಲ್ಲಮ್ಮಾ, ಖಾರ್ ಅಂದರೆ ಏನು?"

ಬಾಳೆಹಣ್ಣಿನ ಸಿಪ್ಪೆ ಒಣಗಿಸಿ ಸುಟ್ಟು, ಆ ಬೂದಿಗೆ ನೀರು ಹಾಕಿ ಸೋಸಿ ತೆಗೆದ ತಿಳಿನೀರು ಅಂತೆ! ಪಪ್ಪಾಯಿ ಕಾಯಿಗೋ ಬೇಳೆಗೋ ಒಂದಿಷ್ಟು ಹಾಕಿ ಬೇಯಿಸುತ್ತಾರಂತೆ. ಬಸ್ಸಿನವರು ತಿಂದು ನನ್ನ ಅಂಗಡಿ ಮುಂದೆ ಎಸೆಯುವ, ನಾನು ದಿನಾ ಬೈದುಕೊಂಡು ಗುಡಿಸುವ ಸಿಪ್ಪೆ!

ಬೀರೇನ್ ಸುಧಾರಿಸಿಕೊಂಡು, ಡಾಕ್ಟರು ಮನೆ ಊಟಕ್ಕೆ ಒಪ್ಪಿದ ಮೇಲೆ, ರೂಪಾಲಿ ನಮ್ಮ ಹಿತ್ತಲಿನಲ್ಲೇ ಖಾರ್ ಮಾಡಿದಳು. ಅವನು ಪಪ್ಪಾಯಿ ಪಲ್ಯದ ಜೊತೆ ಎರಡನೇ ಸಲ ಅನ್ನ ಹಾಕಿಸಿಕೊಂಡಾಗ ರೂಪಾಲಿ ಆಚೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗಿರಿಜೆಯೂ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಇವರಿಗೆ ಬೇಕಾದ್ದನ್ನು ಇನ್ನು ಇವರೇ ಮಾರಲಿ. ನಿಮ್ಮ ಸೇವೆ ಸಾಕು," ಎಂದು ತೀರ್ಪು ಕೊಟ್ಟಳು. ನನ್ನನ್ನು ಕೇಳದೆಯೇ ನಮ್ಮ ಪಕ್ಕದ ಖಾಲಿ ಕೋಣೆಯ ಬೀಗ ತೆಗೆದಳು.

ಹೀಗೆ ರೂಪಾಲಿಯ ಅಂಗಡಿ ಶುರುವಾಯಿತು. ಸಾಸಿವೆ ಎಣ್ಣೆ, ಸಣ್ಣಕ್ಕಿ, ಬಾಟಲಿಯಲ್ಲಿ ಖಾರ್. ವರ್ಷದೊಳಗೆ ಅವಳ ತಂಗಿ ಕಳಸದಲ್ಲಿ ಒಂದು ತೆರೆದಳು, ಪರಿಚಯದವರು ಸಂಸೆಯಲ್ಲಿ ಇನ್ನೊಂದು. ಭಾನುವಾರ ಜೀಪು ಇಳಿದವರೆಲ್ಲ ನನಗೆ ಕೈ ಮುಗಿದು ಪಕ್ಕದ ಬಾಗಿಲಿಗೆ ಹೋಗುತ್ತಾರೆ.

ಕಳೆದ ತಿಂಗಳು ಅವಳಿಗೆ ಮೂಡಿಗೆರೆಗೆ ಹೋಗಬೇಕಾಗಿತ್ತು. "ಸ್ವಲ್ಪ ಹೊತ್ತು ಅಂಗಡಿ ನೋಡ್ಕೊಳ್ಳಿ ಅಣ್ಣಾ" ಎಂದು ಕೀ ಕೊಟ್ಟಳು. ಅಷ್ಟು ನಂಬಿಕೆ! ಎದೆ ಉಬ್ಬಿಸಿ ಕೂತೆ. ಲೈನ್ ಮನೆಯವನೊಬ್ಬ ಬಂದ. ನಾನು ಎದ್ದು ನಿಂತು, "ಏನು ಕೊಡ್ಲಿ?" ಎಂದೆ.

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಅಣ್ಣಾ. ಅಕ್ಕ ಬಂದ್ಮೇಲೆ ಬರ್ತೀನಿ. ನೀವು ಸುಮ್ನೆ ಕೂತ್ಕೊಳ್ಳಿ."

ಕೂತೆ.