ಪೇಂಟರ್ ಪಾಸಾದ ಪರೀಕ್ಷೆ

ಹೆಂಡತಿ: ನೀವೇ ಹೇಳಿ ಡಾಕ್ಟರಮ್ಮ, ಕಟ್ಕೊಂಡ ಹೆಂಡ್ತೀನ ಪೆಟ್ರೋಲ್ ಬಂಕಲ್ಲಿ ಬಿಟ್ಟು ಮನೆಗೆ ಹೋದೋರ ಕೈಗೆ ಸ್ಕೂಟರ್ ಕೀ ಕೊಡ್ಬಹುದಾ?

ಪೇಂಟರ್: ಮರೆತೋಯ್ತು ಅಂದ್ನಲ್ಲೇ! ಬೇಕೂಂತ ಬಿಟ್ನಾ?

ಹೆಂಡತಿ: ದಾರಿಯುದ್ದಕ್ಕೂ ಹಿಂದೆ ಸದ್ದೇ ಇಲ್ಲ ಅಂತ ಅನ್ನಿಸ್ಲಿಲ್ವಾ?

ಪೇಂಟರ್: ಅನ್ನಿಸ್ತು. ಕೋಪ ಮಾಡ್ಕೊಂಡಿದ್ದೀಯ ಅಂತ ಸಮಾಧಾನಾನೂ ಹೇಳ್ದೆ.

ಆ ಪ್ರಯಾಣ ಬಹಳ ಹಿತವಾಗಿತ್ತು ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ಅಷ್ಟು ಬುದ್ಧಿ ಇನ್ನೂ ಉಳಿದಿತ್ತು. ಕೀ ಹೆಂಡತಿಯ ಪರ್ಸಿನಲ್ಲಿತ್ತು. ನೆನಪಿನ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಅದು ಹೊರಬರುವುದೆಂದು ಅವಳ ತೀರ್ಪು. ಅಂಗಡಿಗಳ ಗಾಜಿನ ಮೇಲೆ ಹೆಸರು ಬರೆದು ಬದುಕುವ ಪೇಂಟರನಿಗೆ ಬಣ್ಣದ ಡಬ್ಬಿಗಳನ್ನು ಬಸ್ಸಿನಲ್ಲಿ ಹೊತ್ತು ಸಾಕುಸಾಕಾಗಿತ್ತು. ನಿನ್ನೆ ಪಕ್ಕದವನ ಬಿಳಿ ಪ್ಯಾಂಟಿಗೆ ಹಸಿರು ಚೆಲ್ಲಿ, ತನ್ನ ಸ್ಟಾಪ್ ಬರುವ ಮೊದಲೇ ಬೈಸಿಕೊಂಡು ಬಸ್ಸಿಳಿದಿದ್ದ.

ಡಾಕ್ಟರಮ್ಮ: ಜಗಳ ಆಮೇಲೆ. ಯಜಮಾನ್ರೇ, ನಾನು ಹೇಳಿದ ಅಂಕಿಗಳನ್ನ ಅದೇ ಕ್ರಮದಲ್ಲಿ ಹೇಳಿ. ಐದು, ಎಂಟು, ಎರಡು.

ಪೇಂಟರ್: ಇಷ್ಟೇನಾ? ಎರಡು, ಎಂಟು, ಐದು.

ಡಾಕ್ಟರಮ್ಮ: ತಪ್ಪಾಯ್ತಲ್ಲ. ಹೋಗ್ಲಿ, ಆರು, ಒಂದು, ಒಂಬತ್ತು, ನಾಲ್ಕು.

ಪೇಂಟರ್: ನಾಲ್ಕು, ಒಂಬತ್ತು, ಒಂದು, ಆರು!

ಹೆಂಡತಿ: ಅಯ್ಯೋ, ಇದೂ ತಪ್ಪು! ರೀ, ನಾನ್ಯಾರು ಅಂತಾದ್ರೂ ಗೊತ್ತಿದ್ಯಾ?

ಪೇಂಟರ್: ಮರೀಬೇಕು ಅಂದ್ರೂ ಆಗಲ್ಲ ಕಣೇ.

ಡಾಕ್ಟರಮ್ಮ ಉತ್ತರ ಬರೆದುಕೊಂಡ ಹಾಳೆ ನೋಡಿದರು, ಅವನ ಉಗುರಿನ ಸಂದಿಯ ಬಣ್ಣ ನೋಡಿದರು.

ಡಾಕ್ಟರಮ್ಮ: ಅಂಕಿಗಳೆಲ್ಲ ಸರಿಯಾಗಿವೆ. ಕೊನೆಯಿಂದ ಯಾಕೆ ಹೇಳ್ತೀರಿ?

ಪೇಂಟರ್ ಹಣೆ ಚಚ್ಚಿಕೊಂಡ.

ಪೇಂಟರ್: ಹಾಳು ಅಭ್ಯಾಸ ಅಮ್ಮ! ಅಂಗಡಿ ಒಳಗೆ ನಿಂತು ಗಾಜಿನ ಮೇಲೆ ಬರೀತೀನಿ. ಹೊರಗಿನೋರಿಗೆ ನೆಟ್ಟಗೆ ಕಾಣ್ಬೇಕಂದ್ರೆ ನಾನು ಉಲ್ಟಾ ಬರೀಬೇಕು. ಅಂಕಿ ಕಿವಿಗೆ ಬಿದ್ದ ತಕ್ಷಣ ತಲೆ ಬಾಲದಿಂದ ಶುರು ಮಾಡತ್ತೆ. ನೆಟ್ಟಗೆ ಯೋಚ್ನೆ ಮಾಡೋಕೆ ನಂಗೆ ಬರೋದೇ ಇಲ್ಲ.

ಹೆಂಡತಿ: ಅದನ್ನ ನಾನು ಮದ್ವೆಯಾದ ವಾರಕ್ಕೇ ಕಂಡುಹಿಡಿದೆ.

ಡಾಕ್ಟರಮ್ಮ: ಹಾಗಾದ್ರೆ ಈಗ ಉಲ್ಟಾನೇ ಹೇಳಿ. ಇದು ಕಷ್ಟದ್ದು. ಮೂರು, ಎಂಟು, ಒಂದು, ಏಳು, ನಾಲ್ಕು, ಒಂಬತ್ತು, ಎರಡು.

ಪೇಂಟರ್ ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸಿದ.

ಪೇಂಟರ್: ಎರಡು, ಒಂಬತ್ತು, ನಾಲ್ಕು, ಏಳು, ಒಂದು, ಎಂಟು, ಮೂರು.

ಡಾಕ್ಟರಮ್ಮ: ಭೇಷ್! ಏಳು ಅಂಕಿ ಉಲ್ಟಾ ಹೇಳೋರು ಅಪರೂಪ. ನಿಮ್ಮ ನೆನಪಿಗೆ ಏನೂ ಆಗಿಲ್ಲ.

ಹೆಂಡತಿಯ ಕಣ್ಣು ತುಂಬಿ ಬಂತು. ಇಷ್ಟು ದಿನ ಜಗಳದ ಹಿಂದೆ ಅವಳು ಬಚ್ಚಿಟ್ಟಿದ್ದು ಭಯವನ್ನು. ಪರ್ಸಿನಿಂದ ಕೀ ತೆಗೆದು ಅವನ ಅಂಗೈಯಲ್ಲಿಟ್ಟಳು.

ಹೆಂಡತಿ: ಎಷ್ಟು ಹೆದರಿದ್ದೆ ಗೊತ್ತಾ ರೀ?

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಹೊಗಳಿಕೆ ಅವನ ತಲೆಗೇರಿತ್ತು.

ಪೇಂಟರ್: ಡಾಕ್ಟರಮ್ಮ, ಬರ್ಕೊಡಿ! ನಾನು ಏನನ್ನೂ ಮರೆಯೋ ಗಂಡಸಲ್ಲ!

ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು.

ಹೆಂಡತಿ: ಹೌದಾ? ಹಾಗಾದ್ರೆ ಆವತ್ತು ಬಂಕಲ್ಲಿ...?

ಪೇಂಟರ್ ಮೆಲ್ಲಗೆ ಕೀಯನ್ನು ಮೇಜಿನ ಮೇಲಿಟ್ಟು ಮತ್ತೆ ಕುರ್ಚಿಯಲ್ಲಿ ಕುಳಿತ.

ಪೇಂಟರ್: ಡಾಕ್ಟರಮ್ಮ, ಆ ಮೂರು ಅಂಕಿ ಇನ್ನೊಂದ್ಸಲ ಕೇಳಿ. ಈ ಸಲ ಹೇಗೆ ಫೇಲಾಗ್ತೀನಿ ನೋಡಿ!