ನಿಲ್ಲದ ಮುಳ್ಳು

ಅಷ್ಟು ರಾದ್ಧಾಂತಕ್ಕೂ ಕಾರಣ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ. ತಂತಿ ಮೀಟಿದರೆ ಅದರ ಪರದೆಯ ಮೇಲಿನ ಮುಳ್ಳು ಅತ್ತಿತ್ತ ಓಡಾಡುತ್ತದೆ, ಶ್ರುತಿ ಸರಿಯಾದಾಗ ನಡುವೆ ನಿಂತು ಹಸಿರು ದೀಪ ಹೊತ್ತುತ್ತದೆ ಎಂದು ಅಂಗಡಿಯವನು ಹೇಳಿದ್ದ. ತಕ್ಕಡಿ ರಿಪೇರಿಯವನಿಗೆ ಅಷ್ಟು ಸಾಕಾಯಿತು. ಅವನಿಗೆ ಸಂಗೀತ ಗೊತ್ತಿಲ್ಲ, ಕಿವಿಯೂ ಅಷ್ಟಕ್ಕಷ್ಟೆ. ಆದರೆ ಮುಳ್ಳನ್ನು ನಡುವೆ ನಿಲ್ಲಿಸುವ ಕೆಲಸದಲ್ಲೇ ಅವನ ತಲೆ ನೆರೆತಿತ್ತು.

ಪಿಟೀಲು ಮಗಳದು. ಅವಳು ತೀರಿಕೊಂಡು ಹನ್ನೊಂದು ತಿಂಗಳು. ಮಗಳು ನುಡಿಸಿದಾಗೆಲ್ಲ ಜೊತೆಗೆ ಹಾಡುತ್ತಿದ್ದ ಹೆಂಡತಿ, ಅಂದಿನಿಂದ ಬಾಯಿ ತೆರೆಯುವುದು "ಊಟಕ್ಕೆ ಬನ್ನಿ" ಎನ್ನಲು ಮಾತ್ರ. ಪಿಟೀಲನ್ನು ಶ್ರುತಿ ಮಾಡಿ ಅವಳೆದುರು ಒಮ್ಮೆ ಮೀಟಿದರೆ ಒಂದು ಸಾಲಾದರೂ ಹಾಡಿಯಾಳು ಎಂಬುದು ಅವನ ಆಸೆ.

ಭಾನುವಾರ ಬೆಳಿಗ್ಗೆ ಯಂತ್ರವನ್ನು ಮೇಜಿನ ಮೇಲಿಟ್ಟ. ತಂತಿ ಮುಟ್ಟುವ ಮೊದಲೇ ಮುಳ್ಳು ಕಾದ ಕಾವಲಿಗೆ ಬಿದ್ದ ನೀರಹನಿಯ ಹಾಗೆ ಚಡಪಡಿಸಿತು. ಎಲ್ಲಿಯದೋ ಸದ್ದು ನಡುವೆ ಬರುತ್ತಿದೆ ಎಂದುಕೊಂಡು ಮಹಡಿಯ ಟೈಲರಮ್ಮನ ಬಾಗಿಲು ತಟ್ಟಿದ.

"ಅಕ್ಕಾ, ಹತ್ತು ನಿಮಿಷ ಮಿಷನ್ ನಿಲ್ಲಿಸ್ತೀರಾ?"

"ಹನ್ನೆರಡು ಶರ್ಟಿಗೆ ಕಾಲರ್ ಹಚ್ಚಬೇಕು. ಹತ್ತೇ ನಿಮಿಷ, ನೋಡಿ," ಎಂದು ಅವಳೂ ನೋಡಲು ಇಳಿದು ಬಂದಳು.

ಮುಳ್ಳು ನಿಲ್ಲಲಿಲ್ಲ. ಎದುರುಮನೆಯ ರಿಟೈರಾದ ಕಂಡಕ್ಟರ್ ಮಾವ ರೇಡಿಯೋ ಆರಿಸಿ, ಹಿಂದೆಯೇ ಬಂದು ಫ್ಯಾನನ್ನೂ ಆರಿಸಿದರು. ಎಲ್ಲರೂ ಬೆವೆತರೇ ಹೊರತು ಮುಳ್ಳು ನಿಲ್ಲಲಿಲ್ಲ. ಕೊನೆಗೆ ನೀರಿನ ಪಂಪನ್ನು ಬಂದ್ ಮಾಡಿದ್ದೇ ತಡ, ಕೆಳಮನೆಯ ವಕೀಲರು ಟವೆಲು ಸುತ್ತಿಕೊಂಡು, ತಲೆತುಂಬ ಸೋಪಿನ ನೊರೆ ಹೊತ್ತು ಮೆಟ್ಟಿಲೇರಿ ಬಂದರು.

"ಯಾರ್ರೀ ಅದು ನೀರು ನಿಲ್ಸಿದ್ದು?"

"ಸ್ವಲ್ಪ ಸುಮ್ನಿರಿ ಸಾರ್," ಎಂದು ತಕ್ಕಡಿಯವನು ಕೈಮುಗಿದ.

ನಾಲ್ವರೂ ಉಸಿರು ಬಿಗಿಹಿಡಿದು ಯಂತ್ರದ ಮೇಲೆ ಬಗ್ಗಿದರು. ಮುಳ್ಳು ಇನ್ನೂ ಅಲುಗುತ್ತಿತ್ತು.

"ಹೊಟ್ಟೆ ಸದ್ದಿರಬೇಕು," ಎಂದರು ಮಾವ. "ವಕೀಲರೇ, ತಿಂಡಿ ಆಗಿಲ್ವಾ?"

"ಸ್ನಾನವೇ ಆಗಿಲ್ಲ."

ತಕ್ಕಡಿಯವನು ಯಂತ್ರವನ್ನು ಅಂಗೈಯಲ್ಲಿ ಹಿಡಿದು, ಮುಳ್ಳು ಎಳೆದತ್ತ ನಡೆದ. ಉಳಿದ ಮೂವರು ತುದಿಗಾಲಲ್ಲಿ ಹಿಂಬಾಲಿಸಿದರು. ಅಡುಗೆಮನೆಯ ಹೊಸ್ತಿಲಲ್ಲಿ ಮುಳ್ಳು ನಟ್ಟನಡುವೆ ನಿಂತಿತು. ಹಸಿರು ದೀಪ ಹೊತ್ತಿತು. ಹೆಂಡತಿ ಆಚೆಗೆ ಮುಖಮಾಡಿ ತೊಳೆದ ಲೋಟಗಳನ್ನು ಒರೆಸುತ್ತಿದ್ದಳು.

"ಸ್ವಲ್ಪ ಸುಮ್ನಿರೇ," ಎಂದುಬಿಟ್ಟ. ಬೆಳಗಿನಿಂದ ಮನೆಮನೆಗೆ ಹೇಳಿಕೊಂಡು ಬಂದ ಮಾತು, ನಾಲಿಗೆಯಿಂದ ತಾನಾಗಿ ಜಾರಿತು.

ಜಾರಿದ ಮೇಲೆ ಅವನ ಕಿವಿಗೆ ಅದು ಬಿತ್ತು. ಮೂಗಿನಲ್ಲೇ, ಮೆಲ್ಲಗೆ, ಮಗಳು ಮೊದಲು ಕಲಿತ ಹಾಡಿನ ಕೊನೆಯ ಎಳೆ. ಅಷ್ಟರಲ್ಲಿ ಅದು ನಿಂತೂಹೋಯಿತು.

"ನಾನೇನ್ರೀ ಮಾಡ್ದೆ?"

"ಇಲ್ಲ, ಇಲ್ಲ... ಹಾಡ್ತಿದ್ದೆ ನೀನು. ಹಾಡು."

"ನಾನಾ?" ಅವಳು ಬಾಗಿಲಲ್ಲಿ ತುಂಬಿಕೊಂಡಿದ್ದ ಮೂರು ಮುಖಗಳನ್ನು ನೋಡಿದಳು. "ಇಲ್ವಲ್ಲ," ಎಂದು ತುಟಿ ಬಿಗಿದುಕೊಂಡು ಮತ್ತೆ ಲೋಟಕ್ಕೆ ಕೈಹಾಕಿದಳು.

ಹಸಿರು ದೀಪ ಆರಿತು. ಮುಳ್ಳು ಒಂದು ಮಗ್ಗುಲಿಗೆ ಬಿದ್ದುಕೊಂಡಿತು.

ಮಾವ ಅವನ ಬೆನ್ನು ತಟ್ಟಿದರು. "ಕೊನೆಗೂ ನಿಲ್ತಲ್ಲಪ್ಪ. ಹೋಗು, ಇನ್ನು ಆರಾಮಾಗಿ ಶ್ರುತಿ ಮಾಡ್ಕೋ. ಮನೇಲಿ ಒಂದು ಸದ್ದೂ ಇಲ್ಲ."